ಕಾರಿನ ಚಿತ್ರವೋ, ಚಾಲಕನ ಚಿತ್ರವೋ?

ಚೆನ್ನೈನಿಂದ ಕೋಲ್ಕತ್ತಾ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಶೋಲಾವರಂ ಸಿಗುತ್ತದೆ. ಎರಡನೇ ಮಹಾಯುದ್ಧದ ವಿಮಾನಗಳಿಗಾಗಿ ಹಾಸಿದ ಓಡುಪಟ್ಟಿ ಅಲ್ಲಿದೆ. 1950ರ ದಶಕದಿಂದ 80ರ ದಶಕದವರೆಗೆ ಮೋಟಾರ್ ರೇಸ್ ಎಂದರೆ ದಕ್ಷಿಣ ಭಾರತದವರಿಗೆ ನೆನಪಾಗುತ್ತಿದ್ದ ಹೆಸರು ಅದೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತಿದ್ದ ಕೂಟಗಳಲ್ಲಿ ರಾಜಮನೆತನದವರ ವಿದೇಶಿ ರೇಸ್ ಕಾರುಗಳ ಪಕ್ಕದಲ್ಲೇ, ಫಿಯೆಟ್, ಹೆರಾಲ್ಡ್, ಅಂಬಾಸಡರ್‌ಗಳ ಭಾಗಗಳನ್ನು ಹೊಂದಿಸಿ ಗ್ಯಾರೇಜಿನಲ್ಲಿ ಕಟ್ಟಿದ ‘ಸ್ಪೆಷಲ್’ಗಳು ನಿಲ್ಲುತ್ತಿದ್ದವು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿ ಹೊಸ ಟ್ರ್ಯಾಕ್ ತೆರೆಯಿತು. ಓಡುಪಟ್ಟಿಯ ಕಾಲ ಮುಗಿಯಿತು.

ಆ ಕಾಲವನ್ನು ಇಂದು ಕ್ಯಾನ್‌ವಾಸಿನ ಮೇಲೆ ತರಲು ಹೊರಟ ಕಲಾವಿದನಿಗೆ ಮೊದಲ ಹೆಜ್ಜೆಯಲ್ಲೇ ಒಂದು ಪ್ರಶ್ನೆ ಅಡ್ಡ ಬರುತ್ತದೆ. ಬರೆಯಬೇಕಾದದ್ದು ಯಾವುದನ್ನು? ರೇಡಿಯೇಟರ್, ಕಡ್ಡಿಚಕ್ರ, ಬಾನೆಟ್ ಬಿಗಿದ ಚರ್ಮದ ಪಟ್ಟಿಗಳಿರುವ ಯಂತ್ರವನ್ನೇ? ಕಣ್ಣಿಗೆ ಸಿಕ್ಕೂ ಸಿಗದಂತೆ ಹಾದುಹೋದ ವೇಗವನ್ನೇ? ಅಥವಾ ಗಾಗಲ್ಸ್ ಹಿಂದೆ ಎಣ್ಣೆ, ಧೂಳು ಮೆತ್ತಿಕೊಂಡು ಕುಳಿತ ಮನುಷ್ಯನನ್ನೇ? ನೂರಿಪ್ಪತ್ತು ವರ್ಷಗಳಿಂದ ಜಗತ್ತಿನ ಕಲಾವಿದರು ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ. ಒಂದೊಂದು ಉತ್ತರವೂ ಏನನ್ನೋ ಗಳಿಸಿದೆ, ಏನನ್ನೋ ಬಿಟ್ಟಿದೆ.

ಕಲ್ಲಿನಲ್ಲಿ ಕೂತ ಚಾಲಕ

1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಎಮಿಲ್ ಲೆವಾಸೋರ್ ಸುಮಾರು 1,180 ಕಿ.ಮೀ. ದೂರವನ್ನು 48 ಗಂಟೆಗಳಿಗೂ ಹೆಚ್ಚು ಹೊತ್ತು ಕಾರು ನಡೆಸಿ ಎಲ್ಲರಿಗಿಂತ ಮೊದಲು ಮುಟ್ಟಿದ. ಅವನ ನೆನಪಿಗೆ ಪ್ಯಾರಿಸ್ಸಿನ ಪೋರ್ತ್ ಮಾಯೋದಲ್ಲಿ 1907ರಲ್ಲಿ ಒಂದು ಶಿಲ್ಪ ನಿಂತಿತು. ವಿನ್ಯಾಸ ಜೂಲ್ಸ್ ದಾಲೂ ಅವರದು; ಅವರು ತೀರಿಕೊಂಡ ಮೇಲೆ ಕೆಲಸ ಪೂರ್ತಿ ಮಾಡಿದವರು ಕಾಮಿಲ್ ಲೆಫೆವ್ರ್. ಕಮಾನಿನೊಳಗಿಂದ ಕಾರು ನೋಡುಗನ ಕಡೆಗೇ ಬರುತ್ತಿದೆ, ಸ್ಟಿಯರಿಂಗ್ ಹಿಡಿದವನು ನೆಟ್ಟ ನೋಟದಿಂದ ಕುಳಿತಿದ್ದಾನೆ. ಕುದುರೆಯ ಮೇಲಿನ ದೊರೆಯನ್ನು ಕೆತ್ತಿ ಪಳಗಿದ್ದ ಯುರೋಪಿನ ಕೈಗೆ, ಕುದುರೆಯೇ ಇಲ್ಲದ ಸವಾರನನ್ನು ಕೆತ್ತುವುದು ಹೊಸ ತೊಡಕು. ಕುದುರೆಯ ಸ್ನಾಯುವಿನಲ್ಲಿ ಕಾಣಿಸುತ್ತಿದ್ದ ಶ್ರಮವನ್ನು ಇಲ್ಲಿ ಮನುಷ್ಯನ ಭಂಗಿಯೊಂದೇ ಹೊರಬೇಕಾಯಿತು.

ಹಳೇಬೀಡಿನ ಹೊಯ್ಸಳೇಶ್ವರದ ಯುದ್ಧದ ಪಟ್ಟಿಕೆಗಳನ್ನು ನೋಡಿದವರಿಗೆ ಈ ತೊಡಕು ಹೊಸದೆನಿಸದು. ಅಲ್ಲಿ ರಥವನ್ನು ಪಕ್ಕದಿಂದ ತೋರಿಸಿ, ಚಕ್ರವನ್ನು ಪೂರ್ಣ ವೃತ್ತವಾಗಿ ಬಿಡಿಸಿ, ಅದರ ಮೇಲೆ ಬಿಲ್ಲು ಎಳೆದ ದೇಹವನ್ನು ಇಟ್ಟಿದ್ದಾರೆ. ರಥ ಯಾವುದು, ರಥಿಕ ಯಾರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ರಥದಲ್ಲಿ ರಥಿಕ, ಸಾರಥಿ ಇದ್ದಂತೆ ಮೊದಲ ರೇಸ್ ಕಾರುಗಳಲ್ಲೂ ಇಬ್ಬರಿರುತ್ತಿದ್ದರು. ಚಾಲಕನ ಪಕ್ಕದ ಮೆಕ್ಯಾನಿಕ್ ಪಂಪು ಒತ್ತುತ್ತ, ಹಿಂದಿನಿಂದ ಬರುವವರ ಮೇಲೆ ಕಣ್ಣಿಡುತ್ತ ಅಷ್ಟೇ ಅಪಾಯದಲ್ಲಿ ಕುಳಿತಿರುತ್ತಿದ್ದ. 1924ರ ಸಾನ್ ಸೆಬಾಸ್ಟಿಯನ್ ಓಟದಲ್ಲಿ ಕೆನೆಲ್ಮ್ ಲೀ ಗಿನ್ನೆಸ್ ಅವರ ಕಾರು ಉರುಳಿ ಮೆಕ್ಯಾನಿಕ್ ಟಾಮ್ ಬ್ಯಾರೆಟ್ ಸತ್ತ. ಮರುವರ್ಷದಿಂದ ಗ್ರ್ಯಾನ್ ಪ್ರಿ ಓಟಗಳಲ್ಲಿ ಮೆಕ್ಯಾನಿಕ್‌ನನ್ನು ಕೂರಿಸುವುದೇ ನಿಂತಿತು. ಆ ಕಾಲದ ಕಾರನ್ನು ಇಂದು ಬರೆಯುವವರು ಚೆಂದಕ್ಕಾಗಿ ಎರಡನೆಯ ಸೀಟನ್ನು ಖಾಲಿ ಬಿಟ್ಟರೆ ಅದು ಚರಿತ್ರೆಗೆ ಮಾಡಿದ ಅನ್ಯಾಯವೇ.

ಲೆವಾಸೋರ್ ಶಿಲ್ಪಕ್ಕೂ ಮೊದಲೇ, 1898ರಲ್ಲಿ, ತುಲೂಸ್-ಲೊಟ್ರೆಕ್ ತನ್ನ ಸೋದರ ಸಂಬಂಧಿಯೊಬ್ಬನನ್ನು ಮೋಟಾರು ಚಾಲಕನಾಗಿ ಕಲ್ಲಚ್ಚಿನಲ್ಲಿ ಬಿಡಿಸಿದ್ದ. ಉಣ್ಣೆಗೋಟು, ಟೊಪ್ಪಿ, ಕನ್ನಡಕಗಳ ದಪ್ಪ ಆಕೃತಿಯೇ ಚಿತ್ರವನ್ನೆಲ್ಲ ತುಂಬಿದೆ. ಕಾರು ಕಾಣುವುದೇ ಕಷ್ಟ. ಹೀಗೆ ಆರಂಭದಲ್ಲಿ ಚಾಲಕನದೇ ಮೇಲುಗೈ.

ವೇಗದ ಪಂಥ

ಆ ಮೇಲುಗೈ ಬಹಳ ದಿನ ಉಳಿಯಲಿಲ್ಲ. ಅರ್ನೆಸ್ಟ್ ಮೊಂತೋ ಎಂಬ ಫ್ರೆಂಚ್ ಕಲಾವಿದ 1900ರ ನಂತರದ ಕೆಲವೇ ವರ್ಷಗಳಲ್ಲಿ ರೇಸಿನ ಚಿತ್ರಭಾಷೆಯನ್ನೇ ಬದಲಿಸಿದ. ಕಾರಿನ ಹಿಂದೆ ಎಳೆದ ಗೆರೆಗಳು, ಮೋಡದಂತೆ ಏಳುವ ಧೂಳು, ಮುಂದಕ್ಕೆ ವಾಲಿದ ಚಕ್ರ, ದೂರಕ್ಕೆ ಎಳೆದಂತೆ ಉದ್ದವಾದ ಬಾನೆಟ್ ಎಲ್ಲವೂ ಅವನ ಅಚ್ಚುಗಳಲ್ಲಿವೆ. ಕಲ್ಲಚ್ಚಿನಲ್ಲಿ ಗೆರೆ ಮುದ್ರಿಸಿ, ಕೊರೆದ ಪಡಿಯಚ್ಚು ಇಟ್ಟು, ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ತುಂಬುತ್ತಿದ್ದರು. ಮೊಂತೋ 1909ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ಹೆಂಡತಿ ಮಾರ್ಗರೀತ್ ‘ಗಮಿ’ ಎಂಬ ಹೆಸರಿನಲ್ಲಿ ಆ ಕೆಲಸ ಮುಂದುವರಿಸಿದಳು. ಇಂದಿನ ಮಕ್ಕಳ ಕಾಮಿಕ್ಸಿನಲ್ಲಿ ಓಡುವ ಕಾರಿನ ಹಿಂದೆ ಕಾಣುವ ನಾಲ್ಕು ಗೆರೆಗಳ ವಂಶವೃಕ್ಷ ಹಿಡಿದು ಹೋದರೆ ಈ ದಂಪತಿಯ ಕಾರ್ಯಾಗಾರ ಸಿಗುತ್ತದೆ.

ಕ್ಯಾಮೆರಾ ಕೂಡ ಅದೇ ವಾಲುವಿಕೆಯನ್ನು ತನ್ನ ದಾರಿಯಲ್ಲಿ ಕಂಡುಕೊಂಡಿತು. ಜಾಕ್ ಆನ್ರಿ ಲಾರ್ತಿಗ್ ತೆಗೆದ ಒಂದು ಫೋಟೋದಲ್ಲಿ 6ನೇ ನಂಬರಿನ ಕಾರಿನ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿದೆ, ದಾರಿ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಇದರ ಕಾರಣ ತಾಂತ್ರಿಕ. ಆಗಿನ ಶಟರ್ ಎಂದರೆ ಪ್ಲೇಟಿನ ಮುಂದೆ ಸರಿಯುವ ಒಂದು ಸೀಳು. ದೃಶ್ಯದ ಕೆಳಭಾಗ ಮೊದಲು ದಾಖಲಾಗಿ, ಮೇಲ್ಭಾಗ ಆಮೇಲೆ ದಾಖಲಾಗುತ್ತದೆ. ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ, ಆದ್ದರಿಂದ ಚಕ್ರ ವಾಲುತ್ತದೆ. ಛಾಯಾಗ್ರಾಹಕ ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದ್ದರಿಂದ ನಿಂತ ಜನ ಎದುರು ದಿಕ್ಕಿಗೆ ಬಾಗುತ್ತಾರೆ. ಬಹುಕಾಲ 1912ರದೆಂದು ನಂಬಲಾಗಿದ್ದ ಈ ಫೋಟೋ 1913ರ ಓಟದ್ದೆಂದು ನಂತರದ ಸಂಶೋಧಕರು ಗುರುತಿಸಿದರು. ಯಂತ್ರದ ದೋಷವೊಂದು ವೇಗದ ಸಂಕೇತವಾಗಿ ಚಿತ್ರಕಾರರ ಕೈಗೂ ಬಂದು ನೆಲೆಸಿತು.

ಇಟಲಿಯ ಫ್ಯೂಚರಿಸ್ಟರು ಇದನ್ನೇ ಸಿದ್ಧಾಂತ ಮಾಡಿದರು. 1909ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ‘ಲ ಫಿಗಾರೋ’ ಪತ್ರಿಕೆಯಲ್ಲಿ ಬಂದ ಮರಿನೆಟ್ಟಿಯ ಪ್ರಣಾಳಿಕೆ ರೇಸ್ ಕಾರನ್ನು ಗ್ರೀಕ್ ವಿಜಯದೇವತೆಯ ಶಿಲ್ಪಕ್ಕಿಂತ ಸುಂದರ ಎಂದು ಸಾರಿತು. ರುಸ್ಸೋಲೋ ಕಾರನ್ನು ಗಾಳಿ ಸೀಳುವ ಕೆಂಪು ಬಾಣದ ಮೊನೆಗಳಾಗಿ ಬರೆದ. ಬಾಲ್ಲಾ 1913ರ ಸುಮಾರಿಗೆ ಹಾದುಹೋಗುವ ಕಾರೊಂದನ್ನೇ ಮತ್ತೆ ಮತ್ತೆ ಬರೆದು, ಕೊನೆಗೆ ಸುರುಳಿ ಮತ್ತು ಕೋನಗಳಷ್ಟೇ ಉಳಿಯುವಂತೆ ಮಾಡಿದ. ವೇಗ ಎಂದರೆ ವಸ್ತುವಲ್ಲ, ಅನುಭವ ಎಂಬುದನ್ನು ಇಷ್ಟು ಗಟ್ಟಿಯಾಗಿ ಹೇಳಿದವರು ಬೇರಿಲ್ಲ. ಆದರೆ ಆ ಚಿತ್ರಗಳಲ್ಲಿ ಚಾಲಕನಿಲ್ಲ. ಅವನು ಗೆದ್ದನೇ, ಸತ್ತನೇ, ದಣಿದಿದ್ದನೇ ಎಂದು ಕೇಳಲು ಅಲ್ಲಿ ಜಾಗವೂ ಇಲ್ಲ. ಈ ಪಂಥದ ದೊಡ್ಡ ಕೊರತೆ ಇದು.

ಗೆರೆಯೊಂದರಿಂದಲೇ ಚಲನೆಯನ್ನು ಹುಟ್ಟಿಸಿ, ದೇಹವನ್ನೂ ಉಳಿಸಿಕೊಳ್ಳಬಹುದು ಎಂಬುದಕ್ಕೆ ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳು ಸಾಕ್ಷಿ. ಅಲ್ಲಿ ಕುಂಚ ಎತ್ತದೆ ಹರಿದ ಗೆರೆಯೇ ತಿರುಗುತ್ತದೆ, ಅದೇ ಸೊಂಟವಾಗುತ್ತದೆ. ರೇಸ್ ಕಾರಿನ ಕಲಾವಿದರು ಈ ಪಾಠಕ್ಕೆ ಇನ್ನಷ್ಟು ಕಿವಿಗೊಡಬೇಕಿತ್ತು.

ಬೋಲ್ಟಿನವರೆಗೆ ನಿಖರ

ಮೂರನೆಯದು ದಾಖಲೆಯ ಪಂಥ. ಇಂಗ್ಲೆಂಡಿನ ‘ದಿ ಆಟೋಕಾರ್’ ಪತ್ರಿಕೆಗೆ ದಶಕಗಳ ಕಾಲ ದುಡಿದ ಫ್ರೆಡರಿಕ್ ಗಾರ್ಡನ್ ಕ್ರಾಸ್ಬಿ ಇದರ ಹಿರಿಯ. ಆಗಿನ ಫಿಲ್ಮಿಗೆ ಇರುಳಿನ ಓಟ ದಕ್ಕುತ್ತಿರಲಿಲ್ಲ. ಮಳೆ, ಹೆಡ್‌ಲೈಟಿನ ಬೆಳಕು, ಪಿಟ್ಟಿನ ಗಡಿಬಿಡಿಗಳನ್ನು ಓದುಗರಿಗೆ ಮುಟ್ಟಿಸಿದ್ದು ಕ್ರಾಸ್ಬಿಯಂಥವರ ಇದ್ದಿಲು ಮತ್ತು ಬಣ್ಣ. ಅಮೆರಿಕದ ಪೀಟರ್ ಹೆಲ್ಕ್ ಇನ್ನೂ ಮುಂದೆ ಹೋದರು. ಬಾಲ್ಯದಲ್ಲಿ ವ್ಯಾಂಡರ್‌ಬಿಲ್ಟ್ ಕಪ್ ಓಟ ಕಂಡಿದ್ದ ಅವರು, 1908ರಲ್ಲಿ ಆ ಕಪ್ ಗೆದ್ದಿದ್ದ 16ನೇ ನಂಬರಿನ ಲೋಕೋಮೊಬೈಲ್ ಕಾರನ್ನೇ 1940ರ ದಶಕದಲ್ಲಿ ಕೊಂಡು ಜೋಪಾನವಾಗಿ ಕಾಪಾಡಿದರು. ಬರೆಯುವ ವಸ್ತು ಮನೆಯ ಶೆಡ್ಡಿನಲ್ಲೇ ಇತ್ತು. ಇಂಗ್ಲೆಂಡಿನ ಮೈಕೆಲ್ ಟರ್ನರ್ ಅವರ ಚಿತ್ರಗಳಲ್ಲಿ ಟೈರಿನ ಅಗಲದಿಂದ ತಿರುವಿನ ಕಟ್ಟಡದವರೆಗೆ ಎಲ್ಲವೂ ಆ ವರ್ಷದ್ದೇ.

ಈ ಪಂಥದ ಬಲವನ್ನು ಹಗುರವಾಗಿ ಕಾಣುವಂತಿಲ್ಲ. ತಪ್ಪಿಗೆ ಎಷ್ಟು ಅವಕಾಶವಿದೆ ಎಂದು ಗೊತ್ತಾಗಲು ಬಣ್ಣದ ವಿಷಯವೊಂದೇ ಸಾಕು. ಹಳೆಯ ರೇಸುಗಳಲ್ಲಿ ಕಾರಿನ ಬಣ್ಣ ದೇಶದ ಗುರುತು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಜರ್ಮನಿಗೆ ಬಿಳಿ, ನಂತರ ಬೆಳ್ಳಿ. ಆದರೆ ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಕಾರು ಕಪ್ಪಾಗಿ, ನೀಲಿ ಕಾರು ತೀರ ತೆಳುವಾಗಿ ಮೂಡುತ್ತಿತ್ತು. ಕಪ್ಪು-ಬಿಳುಪು ಫೋಟೋ ನೋಡಿ ಬಣ್ಣ ಊಹಿಸಿದವನು ದೇಶವನ್ನೇ ಅದಲುಬದಲು ಮಾಡಿಬಿಟ್ಟಾನು.

ಇನ್ನೊಂದು ಉದಾಹರಣೆ ಜರ್ಮನಿಯದು. 1934ರ ಐಫೆಲ್ ಓಟದ ಹಿಂದಿನ ರಾತ್ರಿ ಮರ್ಸಿಡಿಸ್ ಕಾರು 750 ಕಿಲೋ ಮಿತಿಗಿಂತ ತುಸು ಹೆಚ್ಚು ತೂಗಿತೆಂದೂ, ಬಿಳಿ ಬಣ್ಣವನ್ನು ಕೆರೆದು ತೆಗೆದಾಗ ಕೆಳಗಿನ ಲೋಹ ಹೊಳೆದು ‘ಬೆಳ್ಳಿ ಬಾಣ’ ಹುಟ್ಟಿತೆಂದೂ ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬಾವರ್ ತಮ್ಮ ನೆನಪಿನಲ್ಲಿ ಬರೆದರು. ಆ ಕಾರು ಮೊದಲಿನಿಂದಲೂ ಬೆಳ್ಳಿ ಬಣ್ಣದ್ದೇ ಇತ್ತೆಂದು ಹಲವು ಇತಿಹಾಸಕಾರರು ವಾದಿಸುತ್ತಾರೆ. ಹಾಗಿದ್ದರೆ ಮೆಕ್ಯಾನಿಕ್‌ಗಳು ರಾತ್ರಿಯಿಡೀ ಬಣ್ಣ ಕೆರೆಯುವ ಚಿತ್ರ ಬರೆದವನು ದಾಖಲೆ ಬರೆದನೇ, ಪುರಾಣ ಬರೆದನೇ?

ನಿಖರತೆಗೆ ಬೆಲೆಯೂ ಇದೆ. ಎಲ್ಲ ಬೋಲ್ಟುಗಳೂ ಒಂದೇ ಸ್ಪಷ್ಟತೆಯಲ್ಲಿ ಹೊಳೆದಾಗ ಕಾರು ನಿಂತುಬಿಡುತ್ತದೆ. ಇದನ್ನು ಕಂಡೇ 1960ರ ದಶಕದಿಂದ ಡೆಕ್ಸ್ಟರ್ ಬ್ರೌನ್ ಅವರಂಥವರು ಬಣ್ಣವನ್ನು ಎರಚಿ, ಗೀರಿ, ಕಾರಿನ ಅಂಚನ್ನೇ ಕರಗಿಸಿದರು. ಅನುಭವಿ ಕೈ ಇವೆರಡರ ನಡುವೆ ದಾರಿ ಹುಡುಕುತ್ತದೆ. ಚಾಲಕನ ಕೈ, ಕಾರಿನ ಮೂತಿ, ನಂಬರು ಸ್ಪಷ್ಟವಾಗಿರಲಿ; ಚಕ್ರದ ಕಡ್ಡಿಗಳು ಮಸುಕಾಗಲಿ. ಮೈಮೇಲೆ ಆಕಾಶ ಪ್ರತಿಫಲಿಸುವ ಜಾಗ ತಿಳಿ, ನೆಲ ಪ್ರತಿಫಲಿಸುವ ಜಾಗ ಗಾಢ, ಎರಡರ ನಡುವೆ ದಿಗಂತದ ಗೆರೆ. ಆ ಗೆರೆ ತಪ್ಪಿದರೆ ದುಂಡನೆಯ ಬಾನೆಟ್ ತಗಡಿನ ಹಲಗೆಯಾಗುತ್ತದೆ. ಇದು ಫೋಟೋದಿಂದ ಪೂರ್ತಿ ಕಲಿಯುವ ವಿದ್ಯೆಯಲ್ಲ. ಕಾರಿನ ಮುಂದೆ ನಿಂತೇ ಕಲಿಯಬೇಕು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ, ಕೊಯಮತ್ತೂರಿನ ಜೀಡೀ ಕಾರ್ ಮ್ಯೂಸಿಯಂ ಇಂಥ ಕಲಿಕೆಗೆ ನಮ್ಮ ಸುತ್ತಿನಲ್ಲೇ ಇರುವ ಶಾಲೆಗಳು.

ಹೆಲ್ಮೆಟ್ಟೇ ಮುಖವಾದಾಗ

ಚಾಲಕನ ಚಿತ್ರ ಬರೆಯುವವರ ಪಂಥ ಚಿಕ್ಕದು, ಆದರೆ ಅದರ ಪ್ರಶ್ನೆ ಎಲ್ಲಕ್ಕಿಂತ ಆಳದ್ದು. ತೆರೆದ ಕಾಕ್‌ಪಿಟ್ಟಿನ ಕಾಲದಲ್ಲಿ ಬಟ್ಟೆಯ ಟೊಪ್ಪಿ, ಗಾಗಲ್ಸ್, ಗಾಳಿಗೆ ಉಬ್ಬಿದ ಕೆನ್ನೆ, ದೊಡ್ಡ ಸ್ಟಿಯರಿಂಗನ್ನು ತಿರುಗಿಸಲು ಎತ್ತಿದ ಮೊಣಕೈ ಎಲ್ಲವೂ ಕಾಣುತ್ತಿದ್ದವು. ತಮಾರಾ ದ ಲೆಂಪಿಕಾ 1929ರಲ್ಲಿ ಹಸಿರು ಬುಗಾಟಿಯಲ್ಲಿ ಕುಳಿತ ತನ್ನದೇ ಚಿತ್ರ ಬರೆದಾಗ, ಆಕೆ ನಿಜಕ್ಕೂ ಓಡಿಸುತ್ತಿದ್ದುದು ಹಳದಿ ಬಣ್ಣದ ಪುಟ್ಟ ರೆನೋ. ರೇಸ್ ಕಾರು ಕೂತವರ ವ್ಯಕ್ತಿತ್ವವನ್ನು ಹೇಗೆ ಹಿಗ್ಗಿಸುತ್ತದೆ ಎಂಬುದಕ್ಕೆ ಅದೊಂದು ಪಾಠ.

ಸಯಾಮಿನ ರಾಜಕುಮಾರ ಬೀರಾನ ಕತೆ ಭಾರತೀಯರಿಗೆ ಇನ್ನೂ ಹತ್ತಿರದ್ದು. 1930ರ ದಶಕದಲ್ಲಿ ಇಂಗ್ಲೆಂಡಿನ ಟ್ರ್ಯಾಕುಗಳಲ್ಲಿ ಗೆದ್ದ ಈತ ಶಿಲ್ಪ ಕಲಿತವನು. ತನ್ನ ಇಆರ್‌ಎ ಕಾರುಗಳಲ್ಲಿ ಒಂದಕ್ಕೆ ‘ಹನುಮಾನ್’ ಎಂದು ಹೆಸರಿಟ್ಟಿದ್ದ. 1937ರ ಲೆ ಮಾನ್ ಓಟದಲ್ಲಿ ಸತ್ತ ಗೆಳೆಯ ಪ್ಯಾಟ್ ಫೇರ್‌ಫೀಲ್ಡ್‌ಗೆ ಡಾನಿಂಗ್ಟನ್‌ನಲ್ಲಿ ನಿಂತ ಸ್ಮಾರಕವನ್ನು ತಾನೇ ರೂಪಿಸಿದ. ಸ್ಟಿಯರಿಂಗ್ ಹಿಡಿದ ಕೈಯೇ ಉಳಿಯನ್ನೂ ಹಿಡಿದ ಅಪರೂಪದ ಪ್ರಸಂಗವಿದು.

1952ರಲ್ಲಿ ಗಟ್ಟಿ ಹೆಲ್ಮೆಟ್ ಕಡ್ಡಾಯವಾಯಿತು. 1968ರಲ್ಲಿ ಡ್ಯಾನ್ ಗರ್ನಿ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ತೊಟ್ಟರು. ಅಲ್ಲಿಗೆ ಮುಖವೇ ಚಿತ್ರದಿಂದ ಹೊರಟುಹೋಯಿತು. ಅದರ ಸ್ಥಾನಕ್ಕೆ ಬಂದದ್ದು ಹೆಲ್ಮೆಟ್ಟಿನ ಬಣ್ಣ. ಗ್ರಹಾಂ ಹಿಲ್ ಅವರದು ಕಡುನೀಲಿಯ ಮೇಲೆ ಲಂಡನ್ ರೋಯಿಂಗ್ ಕ್ಲಬ್ಬಿನ ಬಿಳಿ ಹುಟ್ಟುಗಳು; ಜಾಕಿ ಸ್ಟುವರ್ಟ್ ಅವರದು ಸ್ಕಾಟಿಷ್ ಚೌಕುಳಿಯ ಪಟ್ಟಿ. ಐರ್ಟನ್ ಸೆನ್ನಾರ ಹಳದಿ ಹೆಲ್ಮೆಟ್ ಬರೆದ ಸಾವೊ ಪಾಲೊದ ಸಿಡ್ ಮೋಸ್ಕಾ ತಾನೇ ಒಬ್ಬ ಪ್ರಸಿದ್ಧ ವರ್ಣಕಾರ. ಅದೇ 1968ರಲ್ಲಿ ಲೋಟಸ್ ತಂಡ ಹಸಿರು ಬಿಟ್ಟು ಸಿಗರೇಟ್ ಕಂಪನಿಯ ಬಣ್ಣ ತೊಟ್ಟಿತು. ದೇಶದ ಬಣ್ಣ ಹೋಗಿ ಪ್ರಾಯೋಜಕರ ಬಣ್ಣ ಬಂದಿತು. ಹಳೆಯ ರೇಸ್ ಕಾರನ್ನೇ ಕಲಾವಿದರು ಮತ್ತೆ ಮತ್ತೆ ಹುಡುಕಿ ಹೋಗುವುದಕ್ಕೆ ಬರಿಯ ಹಳಹಳಿಕೆ ಕಾರಣವಲ್ಲ. ಯಂತ್ರದೊಳಗಿನ ಮನುಷ್ಯ ಕಣ್ಣಿಗೆ ಕಾಣುತ್ತಿದ್ದ ಕಾಲ ಅದು.

ಚೆನ್ನೈನ ಎರಡು ಕೈಗಳು

ಇಷ್ಟೆಲ್ಲ ಹೇಳಿ ಚೆನ್ನೈಗೆ ಮರಳಿದರೆ ಒಂದು ವಿಶೇಷ ಕಾಣುತ್ತದೆ. ಯಂತ್ರ ಬರೆಯುವ ಕೈ, ಮುಖ ಬರೆಯುವ ಕೈ ಎರಡೂ ಈ ಊರಿನಲ್ಲಿ ಜಗತ್ತಿಗೇ ಮಾದರಿಯಾಗುವಷ್ಟು ಪಳಗಿದ್ದವು.

ಮೊದಲನೆಯದು ಗಾಡಿ ಕಟ್ಟುವವರ ಕೈ. 1840ರಲ್ಲಿ ಆರಂಭವಾದ ಸಿಂಪ್ಸನ್ ಕಂಪನಿ ಮೌಂಟ್ ರೋಡಿನಲ್ಲಿ ಸಾರೋಟು ಕಟ್ಟುತ್ತಿತ್ತು. 1903ರಲ್ಲಿ ಅಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಉಗಿಕಾರನ್ನೂ ತಯಾರಿಸಿದರು. ಸಾರೋಟಿನ ಮೈಗೆ ಬಣ್ಣದ ಪದರದ ಮೇಲೆ ಪದರ ಬಳಿದು, ಉಜ್ಜಿ, ಕೊನೆಗೆ ಸಣ್ಣ ಗೆರೆ ಎಳೆಯುವ ಕೆಲಸ ಎಲ್ಲ ಕಡೆಯೂ ಕಾರಿಗೆ ದಾಟಿ ಬಂತು. ಆ ಗೆರೆ ಚೆನ್ನೈನಲ್ಲಿ ಇಂದೂ ಬದುಕಿದೆ. 1955ರಲ್ಲಿ ತಿರುವೊಟ್ಟಿಯೂರಿನಲ್ಲಿ ಶುರುವಾದ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಬುಲೆಟ್ಟಿನ ಪೆಟ್ರೋಲ್ ಟ್ಯಾಂಕಿನ ಬಂಗಾರದ ಗೆರೆಗಳನ್ನು ಒಂದೇ ಮನೆತನದವರು ಅಳತೆಗೋಲಿಲ್ಲದೆ, ಉದ್ದ ಕೂದಲಿನ ಕುಂಚದಿಂದ ಎಳೆಯುತ್ತ ಬಂದರು. ಟ್ಯಾಂಕಿನ ಉಬ್ಬಿನ ಮೇಲೆ ಉಸಿರು ಹಿಡಿದು ಒಂದೇ ಎಳೆತಕ್ಕೆ ಮುಗಿಸುವ ಗೆರೆ ಅದು. ಬಾನೆಟ್ಟಿನ ವಕ್ರತೆಯನ್ನು ಆ ಕೈಗಿಂತ ಚೆನ್ನಾಗಿ ಬಲ್ಲವರು ಯಾರು?

ಎರಡನೆಯದು ಸಿನಿಮಾ ಬ್ಯಾನರಿನ ಕೈ. ಕೋಡಂಬಾಕ್ಕಂ ಸ್ಟುಡಿಯೋಗಳು ಭರದಿಂದ ನಡೆಯುತ್ತಿದ್ದಾಗ ಮದ್ರಾಸಿನ ಬ್ಯಾನರ್ ಕಂಪನಿಗಳು ಅಂಗೈಯಗಲದ ಸ್ಟಿಲ್ ಫೋಟೋದ ಮೇಲೆ ಚೌಕ ಹಾಕಿ, ಅದನ್ನೇ ಆಳೆತ್ತರಕ್ಕಿಂತ ಹಲವು ಪಟ್ಟು ಹಿಗ್ಗಿಸಿ ಬರೆಯುತ್ತಿದ್ದವು. ಶಿವಾಜಿ ಗಣೇಶನ್, ಎಂ.ಜಿ.ಆರ್. ಮುಖದಲ್ಲಿ ಅರ್ಧಕ್ಕೆ ಗುಲಾಬಿ, ಅರ್ಧಕ್ಕೆ ನೀಲಿ ಬಣ್ಣ ಬಳಿದರೂ ದೂರದಿಂದ ನೋಡಿದವನಿಗೆ ಅದು ಉಸಿರಾಡುವ ಮುಖವೇ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ರಾಜ್‌ಕುಮಾರ್ ಕಟೌಟ್ ಎದುರು ತಲೆಯೆತ್ತಿ ನಿಂತವರಿಗೆ ಈ ವಿದ್ಯೆಯ ಪರಿಚಯವಿದೆ. ಕಪ್ಪು-ಬಿಳುಪು ಫೋಟೋದಿಂದ ಬಣ್ಣದ ಮನುಷ್ಯನನ್ನು ಎಬ್ಬಿಸುವುದು ಬ್ಯಾನರ್ ಕಲಾವಿದರ ದಿನದ ಕೆಲಸವಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು.

ಶೋಲಾವರಂನ ಚಾಲಕನನ್ನು ಬರೆಯಲು ಬೇಕಾದದ್ದು ಈ ಎರಡೂ ಕೈ. ತೊಂದರೆ ಎಂದರೆ ಅವು ಬೇರೆ ಬೇರೆ ಶೆಡ್ಡುಗಳಲ್ಲಿದ್ದವು. ಕಲಾಶಾಲೆಯಂತೂ ಇನ್ನೂ ದೂರ. 1850ರಷ್ಟು ಹಿಂದೆ ಅಲೆಕ್ಸಾಂಡರ್ ಹಂಟರ್ ಆರಂಭಿಸಿದ ಶಾಲೆಯಿಂದ ಬೆಳೆದ ಮದ್ರಾಸ್ ಪಂಥ, 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ನೇತೃತ್ವದಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮ, ರೇಖೆಗೆ ಕೊಟ್ಟ ಗೌರವ ದೊಡ್ಡದು. ಆದರೆ ಅವರ ಕಣ್ಣು ಜನಪದ, ಲಿಪಿ, ಪುರಾಣಗಳ ಕಡೆ ಹೊರಳಿತ್ತು. ಗ್ರೀಸು ಮೆತ್ತಿದ ಯಂತ್ರ ಅವರ ಮುಖ್ಯ ವಸ್ತುವಾಗಲಿಲ್ಲ. ಅದೇ ಊರಿನಿಂದ ಕೆಲವೇ ಮೈಲಿ ಆಚೆ ಎಂಜಿನ್‌ಗಳು ಅಬ್ಬರಿಸುತ್ತಿದ್ದ ಕಾಲವದು.

ಬರೆಯಲು ವ್ಯಕ್ತಿಗಳಿಗೇನೂ ಕೊರತೆಯಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ತಾನೇ ಕಾರು ರೂಪಿಸಿ, ತಾನೇ ಓಡಿಸಿ, ಫಾರ್ಮುಲಾ ಮಾರುತಿ ಕಾರುಗಳ ಮೂಲಕ ಹೊಸ ಪೀಳಿಗೆಗೆ ದಾರಿ ಮಾಡಿದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮದ್ರಾಸ್ ರೇಸಿಂಗಿನ ಆರಂಭದ ದಿನಗಳಲ್ಲಿದ್ದ ಇಂದು ಚಾಂದೋಕ್, ಅವರ ಮಗ ವಿಕಿ, 2010ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊಮ್ಮಗ ಕರುಣ್ ಒಂದೇ ಮನೆಯ ಮೂರು ತಲೆಮಾರು. ಅಜ್ಜನ ಕಾಲದ ತೆರೆದ ಮುಖದಿಂದ ಮೊಮ್ಮಗನ ಮುಚ್ಚಿದ ಹೆಲ್ಮೆಟ್ಟಿನವರೆಗೆ ಬರೆದರೆ ಚಾಲಕಚಿತ್ರದ ಇತಿಹಾಸವೇ ಒಂದು ಸರಣಿಯಲ್ಲಿ ಬಂದಂತೆ.

ಕಲೆಯೋ, ಸಚಿತ್ರ ವರದಿಯೋ

ಗ್ಯಾಲರಿಗಳು ರೇಸಿನ ಚಿತ್ರಗಳನ್ನು ಬಹುಕಾಲ ಪತ್ರಿಕೆಯ ಸಚಿತ್ರ ಕೆಲಸವೆಂದು ಹೊರಗಿಟ್ಟವು. ಅದಕ್ಕೆ ಉತ್ತರವಾಗಿ ಕಲಾವಿದರು ತಮ್ಮದೇ ಕೂಟ ಕಟ್ಟಿಕೊಂಡರು. ಅಮೆರಿಕದ ಆಟೋಮೋಟಿವ್ ಫೈನ್ ಆರ್ಟ್ಸ್ ಸೊಸೈಟಿ 1983ರಲ್ಲಿ ಹುಟ್ಟಿ, ಪೆಬಲ್ ಬೀಚ್‌ನ ಹಳೆಯ ಕಾರುಗಳ ಮೇಳದಲ್ಲಿ ಪ್ರದರ್ಶನ ನಡೆಸುತ್ತ ಬಂದಿದೆ. ಇನ್ನೊಂದು ಕಡೆ ಹೆಸರಾಂತ ಕಲಾವಿದರು ಕಾರಿನ ಮೈಯನ್ನೇ ಕ್ಯಾನ್‌ವಾಸ್ ಮಾಡಿಕೊಂಡರು. 1975ರಲ್ಲಿ ಕಾಲ್ಡರ್ ಬಣ್ಣ ಬಳಿದ ಬಿಎಂಡಬ್ಲ್ಯು ಲೆ ಮಾನ್‌ನಲ್ಲಿ ಓಡಿತು. 1979ರಲ್ಲಿ ವಾರ್ಹಾಲ್ ಅರ್ಧ ಗಂಟೆಯೊಳಗೆ ಬಳಿದು ಮುಗಿಸಿದ ಎಂ1 ಅಲ್ಲಿ ಆರನೆಯ ಸ್ಥಾನ ಪಡೆಯಿತು. ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬ ಈ ಜಗಳದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕ್ರಾಸ್ಬಿಯ ಇದ್ದಿಲ ಗೆರೆಯಲ್ಲಿ ಮಳೆ ಬೀಳುತ್ತದೆ; ಹಣೆಪಟ್ಟಿ ಏನೇ ಇರಲಿ, ಅದು ಕಲೆ.

ಇನ್ನೂ ಬಗೆಹರಿಯದ್ದು

ಉಳಿದಿರುವ ಪ್ರಶ್ನೆಗಳು ಬೇರೆ. ಮೊದಲನೆಯದು ನೆನಪಿಗೂ ದಾಖಲೆಗೂ ನಡುವಿನದು. ಗ್ಯಾರೇಜಿನಲ್ಲಿ ಕಟ್ಟಿದ ಸ್ಪೆಷಲ್ಲುಗಳು ಒಂದು ಕೂಟದಿಂದ ಇನ್ನೊಂದಕ್ಕೆ ರೂಪ, ಬಣ್ಣ ಬದಲಿಸುವ ಕಾರುಗಳು. ಫೋಟೋ ಕಪ್ಪು-ಬಿಳುಪಿನದು, ನೋಡಿದವರ ನೆನಪು ವಯಸ್ಸಾದದ್ದು. ಮುದುಕರಾದ ಮೆಕ್ಯಾನಿಕ್ ಒಬ್ಬರು ಕಾರು ಕೆಂಪಿತ್ತು ಎಂದರೆ, ಇನ್ನೊಬ್ಬರು ಹಸಿರು ಎಂದರೆ ಕಲಾವಿದ ಯಾರ ಮಾತು ಕೇಳಬೇಕು?

ಎರಡನೆಯದು ಹಕ್ಕಿನದು. ಹಳೆಯ ರೇಸಿನ ಹೆಚ್ಚಿನ ಚಿತ್ರಗಳಿಗೆ ಆಧಾರ ಬೇರೆಯವರು ತೆಗೆದ ಫೋಟೋ. ಭಂಗಿ, ಕೋನ, ಬೆಳಕು ಎಲ್ಲವೂ ಫೋಟೋದವೇ ಆದರೆ ಅದು ಹೊಸ ಕೃತಿಯೇ, ಬಣ್ಣದ ನಕಲೇ? ಬ್ಯಾನರ್ ಕಲಾವಿದರು ಸ್ಟಿಲ್ ನೋಡಿ ಬರೆದಾಗ ಯಾರೂ ಈ ಪ್ರಶ್ನೆ ಎತ್ತಲಿಲ್ಲ. ಚಿತ್ರ ಹರಾಜಿಗೆ ಬಂದಾಗ ಎತ್ತುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಸಾವಿನದು. 1955ರ ಲೆ ಮಾನ್ ದುರಂತದಲ್ಲಿ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ವಾರ್ಹಾಲ್ 1960ರ ದಶಕದಲ್ಲಿ ಕಾರು ಅಪಘಾತದ ಫೋಟೋಗಳನ್ನೇ ಅಚ್ಚುಮಾಡಿ ಗೋಡೆಗೇರಿಸಿದ. ರೇಸಿನ ಕಲಾವಿದರು ಬಹುಮಟ್ಟಿಗೆ ಗೆಲುವನ್ನೇ ಬರೆದರು. ಅಪಾಯವನ್ನು ಬಿಟ್ಟು ಆ ಕಾಲದ ಧೈರ್ಯವನ್ನು ತೋರಿಸಬಹುದೇ ಎಂಬುದು ಒಂದು ವಾದ. ಸತ್ತವರ ಮನೆಯವರು ಇನ್ನೂ ಬದುಕಿರುವಾಗ ಅವರ ಕಣ್ಣೆದುರು ಆ ಸಾವಿನ ಚಿತ್ರವನ್ನು ತೂಗುಹಾಕಬಹುದೇ ಎಂಬುದು ಇನ್ನೊಂದು.

ಕೊನೆಯದು ಚೆನ್ನೈನದೇ. 2024ರ ಆಗಸ್ಟ್ ಕೊನೆಯಲ್ಲಿ ಐಲೆಂಡ್ ಮೈದಾನದ ಸುತ್ತಲಿನ ಬೀದಿಗಳಲ್ಲೇ ರಾತ್ರಿ ರೇಸ್ ನಡೆದು, ಊರು ಮತ್ತೆ ರೇಸ್ ಕಾರುಗಳನ್ನು ಹತ್ತಿರದಿಂದ ಕಂಡಿತು. ಶೋಲಾವರಂ ಕಂಡವರು ಇನ್ನೂ ಇದ್ದಾರೆ, ಟ್ಯಾಂಕಿಗೆ ಗೆರೆ ಎಳೆಯುವವರು ಇದ್ದಾರೆ, ಮುಖ ಬರೆಯಬಲ್ಲ ಹಳೆಯ ಬ್ಯಾನರ್ ಕಲಾವಿದರೂ ಕೆಲವರಿದ್ದಾರೆ. ಈ ಮೂವರನ್ನು ಒಂದು ಗೋಡೆಯ ಮುಂದೆ ನಿಲ್ಲಿಸುವ ಕೆಲಸ ಮೋಟಾರ್ ಕ್ಲಬ್ಬಿನದೋ, ಕಲಾ ಕಾಲೇಜಿನದೋ, ಮ್ಯೂಸಿಯಮ್ಮಿನದೋ ಎಂಬುದು ತೀರ್ಮಾನವಾಗಬೇಕಿದೆ.